ಕಿಸೆ ಗಡಿಯಾರದ ಗಾಜು

ರಾಯಚೂರು ಆಕಾಶವಾಣಿ ಕೇಳ್ತಿರೋ ಎಲ್ಲಾರಿಗೂ ಶರಣ್ರಿ.

ನಮ್ಮದು ರೈಲಿನ ಊರು. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಾಗ ಕೂಡಿದ್ದು ಇಲ್ಲೇ. ಅಜ್ಜನ ಕಾಲದ ಕಿಸೆ ಗಡಿಯಾರ ಇನ್ನೂ ಎಷ್ಟೋ ಮನೀ ಟ್ರಂಕಿನಾಗ ಅದಾವ. ಗಾಜು ಒಡೆದದ್ದಕ್ಕ ಮೂಲಿಗೆ ಬಿದ್ದಾವ, ಅಷ್ಟೇ.

ಗಡಿಯಾರ ರಿಪೇರಿ ಮಾಡೋ ನಾನು ಹೇಳೋದು ಒಂದೇ ಮಾತು. ಹೊಸ ಗಾಜು ಹಾಕಿಸೋವಾಗ ಹಳೇ ಗಾಜು ಅಳೀಬ್ಯಾಡ್ರಿ, ಬಳಿ ಅಳೀರಿ. ಬಳಿ ಅಂದ್ರ ಗಾಜನ್ನ ಹಿಡಕೊಂಡಿರೋ ಸುತ್ತು, ಬೆಜಲ್. ಅದರ ಒಳಗ ಕೂದಲೆಳಿಯಷ್ಟು ಕಚ್ಚು ಇರತೈತಿ. ಗಾಜು ಕೂಡೋದು ಅಲ್ಲೇ.

ಮಾನ್ವಿ ಕಡೆಯ ಹಿರಿಯರೊಬ್ಬರು ಅವರಪ್ಪನ ಗಡಿಯಾರ ತಂದಿದ್ರು. ಮ್ಯಾಲೆ ಮುಚ್ಚಳ ಇರೋ ನಮೂನಿದು. ಗಾಜು ಹೊಸಾದು, ಗಡಿಯಾರ ಮಾತ್ರ ನಿಂತೇತಿ. ‘ಮಷಿನ್ ಹೋಗೇತಿ ಅಂದ್ರು, ಮಾಸ್ತರ’ ಅಂದ್ರು. ನಾನು ಬಳಿ ತೆಗೆದೆ. ಟಿಕ್ ಟಿಕ್ ಶುರುವಾತು. ಮುಚ್ಚಿದೆ, ಸುಮ್ಮನಾತು. ಮತ್ತ ತೆಗೆದೆ, ಮತ್ತ ಓಡ್ತು. ‘ಯಜಮಾನ್ರ, ಮಷಿನ್ ಸತ್ತಿಲ್ರಿ, ಉಸಿರು ಕಟ್ಟೇತಿ’ ಅಂದೆ. ಮುಳ್ಳು ಕೂಡಿಸಿದ ನಡು ಮೊಳಿ ತುದಿಗೆ ಒಂದು ಚುಕ್ಕಿ ಮಸಿ ಹಚ್ಚಿ ಬಳಿ ಮುಚ್ಚಿ ತೆಗೆದೆ. ಗಾಜಿನ ಒಳಮೈಗೆ ಮಸಿ! ಅಂದ್ರ ಗಾಜು ಮೊಳಿಗೆ ತಾಗಿ ಒತ್ತತಿತ್ತು. ಮುಚ್ಚಳ ಹಾಕಾಕ ಬರಲಿ ಅಂತ ಯಾರೋ ಪೂರಾ ಚಪ್ಪಟಿ ಗಾಜು ಕೂಡಿಸಿದ್ರು. ಅದೂ ಅರ್ಧ ಮಿಲಿಮೀಟರ್ ಸಣ್ಣದು. ಉಚ್ಚಬಾರದಂತ ಕ್ವಿಕ್ ಗಮ್ಮು ಬ್ಯಾರೆ. ಅದರ ಆವಿ ಗಾಜಿನ ಒಳಗ ಬೂದಿ ಬಳಿದಂಗ ಮಂಜು ಹಿಡಿಸಿತ್ತು. ವರ್ನಿಯರ್ ಅನ್ನೋ ಅಳತಿ ಸಾಧನ ಹಚ್ಚಿ ಕಚ್ಚು ಅಳೆದೆ, 43.6 ಮಿಲಿಮೀಟರ್. ತೆಳ್ಳಗ, ಸ್ವಲ್ಪ ಉಬ್ಬಿರೋ, 43.7ರ ಗಾಜು ತರಿಸಿದೆ. ಬಳಿ ಕೈಗೆ ತಾಳುವಷ್ಟು ಬೆಚ್ಚಗ ಮಾಡಿ ಹೆಬ್ಬೆಟ್ಟಿಲೆ ಒತ್ತಿದೆ. ಟಕ್ ಅಂತ ಕೂತ್ತು, ಒಂದು ಹನಿ ಗಮ್ಮಿಲ್ಲದ. ಹಿರಿಯರು ಕಿವಿಗೆ ಹಿಡಕೊಂಡು ಕೂತವರು ಮಾತೇ ಆಡಲಿಲ್ಲ.

ಅರ್ಧ ಮಿಲಿಮೀಟರ್, ನೋಡ್ರಿ! ಗಾಜು ಹಾಕಿದವರು ಬಳಿ ಅಳೆದು, ಒಳಗ ಮೊಳಿಗೆ ಜಾಗ ಐತೇನು ನೋಡಿದ್ರ ಹಿರಿಯರು ಇಷ್ಟೆಲ್ಲ ತಿರುಗೋದು ಇರಲಿಲ್ಲ.

ಟೈಮ್ ಕಡಿಮಿ ಉಳಿದೈತಿ, ಲಗೂನ ಹೇಳ್ತೀನಿ. ಒಡೆದ ಗಾಜಿನ ಚೂರು ಅರಿವಿಲೆ ಒರಸಬ್ಯಾಡ್ರಿ, ಪಿಂಗಾಣಿ ಡಯಲ್ಲಿಗೆ ಗೀರು ಬೀಳತಾವ. ಗಡಿಯಾರ ಬೋರಲು ಹಿಡಿದು ರಬ್ಬರ್ ಬುಗ್ಗಿಲೆ ಗಾಳಿ ಊದ್ರಿ. ಪ್ಲಾಸ್ಟಿಕ್ ಗಾಜಾದ್ರ ಉಗುರಿನಂಥ ಹಲ್ಲಿಲೆ ಸುತ್ತಲೂ ಹಿಡಿಯೋ ಸಾಧನದಿಂದ ಅದುಮಿ ಒಳಗ ಬಿಡಬೇಕು, ಬಿಟ್ಟಕೂಡಲೇ ಅದು ಅಗಲಾಗಿ ಕಚ್ಚಿನಾಗ ಕೂಡತೈತಿ. ರಿಪೇರಿಗೆ ಹೋಗುವಾಗ ಒಡೆದ ಗಾಜು ಕಾಗದದಾಗ ಸುತ್ತಿ ಒಯ್ಯಬ್ಯಾಡ್ರಿ. ಗಡಿಯಾರನ ಒಯ್ರಿ, ಬಳಿ ಅಳಿಯೋದನ್ನ ಎದುರಿಗೆ ನಿಂತು ನೋಡ್ರಿ.

ಶರಣ್ರಿ.