ಸತ್ಯ ಗೆಲ್ಲುವುದು ಯಾವಾಗ?

ಕೇಳುಗರೇ, ನಮಸ್ಕಾರ.

ಲ್ಯಾಟಿನ್ ಭಾಷೆಯಲ್ಲಿ ಒಂದು ಮಾತಿದೆ. 'ಮಾಗ್ನ ಎಸ್ತ್ ವೇರಿತಾಸ್ ಎತ್ ಪ್ರೈವಲೆತ್.' ಸತ್ಯ ದೊಡ್ಡದು, ಅದು ಗೆಲ್ಲುತ್ತದೆ ಎಂದು ಅರ್ಥ. ಇದು ಬಂದಿದ್ದು 'ಎಜ್ರನ ಮೂರನೇ ಪುಸ್ತಕ' ಎಂಬ ಹಳೆಯ ಯೆಹೂದಿ ಗ್ರಂಥದಿಂದ. 1592ರ ಲ್ಯಾಟಿನ್ ಬೈಬಲ್ ಆ ಪುಸ್ತಕವನ್ನು ಅನುಬಂಧಕ್ಕೆ ಸರಿಸಿತು. ಮಾತು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಆ ಪುಸ್ತಕದ ಕಥೆ ಹೀಗಿದೆ. ಪರ್ಷಿಯಾದ ದೊರೆ ಡೇರಿಯಸನ ಮೂವರು ಕಾವಲುಗಾರರಿಗೆ ಒಂದು ಪಂದ್ಯ. ಲೋಕದಲ್ಲಿ ಎಲ್ಲಕ್ಕಿಂತ ಬಲವಾದದ್ದು ಯಾವುದು? ಉತ್ತರ ಬರೆದು, ಮಲಗಿದ್ದ ದೊರೆಯ ದಿಂಬಿನ ಕೆಳಗೆ ಇಟ್ಟರು. ಒಬ್ಬ ದ್ರಾಕ್ಷಾರಸ ಎಂದ. ಇನ್ನೊಬ್ಬ ದೊರೆ ಎಂದ. ಮೂರನೆಯವನು ಜೆರುಬ್ಬಾಬೆಲ್ ಎಂಬ ಯೆಹೂದಿ. ಹೆಂಗಸರು ಬಲಶಾಲಿಗಳು, ಆದರೆ ಎಲ್ಲವನ್ನೂ ಗೆಲ್ಲುವುದು ಸತ್ಯ ಎಂದ. ತುಂಬಿದ ಸಭೆಯಲ್ಲಿ ಅವನು ಮಾತು ಮುಗಿಸಿದಾಗ ಜನ ಕೂಗಿದ್ದು ಇದೇ ವಾಕ್ಯವನ್ನು.

'ವೇರಿತಾಸ್' ಎಂದರೆ ಸತ್ಯ. ಲ್ಯಾಟಿನ್‌ನಲ್ಲಿ ಅದು ಸ್ತ್ರೀಲಿಂಗ. ಅದಕ್ಕೇ 'ಮಾಗ್ನುಸ್' ಅಲ್ಲ, 'ಮಾಗ್ನ'. ನಮ್ಮಲ್ಲಿ ದೊಡ್ಡ ಅಣ್ಣ, ದೊಡ್ಡ ಅಕ್ಕ, ದೊಡ್ಡ ಮನೆ. 'ದೊಡ್ಡ' ಬದಲಾಗುವುದೇ ಇಲ್ಲ, ಅಲ್ವಾ? ಅಲ್ಲಿ ವಿಶೇಷಣವೂ ನಾಮಪದದ ಲಿಂಗವನ್ನೇ ಹಿಡಿಯಬೇಕು.

ನನಗೆ ಜಾಸ್ತಿ ಮುಖ್ಯವಾದದ್ದು ಕೊನೆಯ ಪದ. 'ವಲೆತ್' ಎಂದರೆ ಬಲವಾಗಿದೆ. ಮುಂದೆ 'ಪ್ರೈ' ಸೇರಿದರೆ ಉಳಿದೆಲ್ಲದರ ಮೇಲೆ ಮೇಲುಗೈ. ಇದು ವರ್ತಮಾನ ಕಾಲ. ಆದರೆ ಎಷ್ಟೋ ಕಡೆ ಇದನ್ನು 'ಪ್ರೈವಲೇಬಿತ್' ಎಂದು ಬರೆಯುತ್ತಾರೆ. ಒಂದು 'ಬಿ' ಒಳಗೆ ಬಂತು, ಕಾಲ ಭವಿಷ್ಯತ್ತಾಯಿತು. ಸತ್ಯ ಮುಂದೆಂದೋ ಗೆಲ್ಲುವುದು ಎಂದಾಯಿತು. ಕನ್ನಡದಲ್ಲಿ ಈ ವ್ಯತ್ಯಾಸ ಸುಲಭವಾಗಿ ಕೈತಪ್ಪುತ್ತದೆ. 'ನಾಳೆ ಬರುತ್ತೇನೆ' ಎನ್ನುವವರು ನಾವು. 'ಗೆಲ್ಲುತ್ತದೆ' ಎಂದರೆ ಇವತ್ತಿಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ.

ಭವಿಷ್ಯತ್ ಕಾಲ ನೊಂದವರಿಗೆ ಸಮಾಧಾನ ಕೊಡುತ್ತದೆ, ನಿಜ. ಆದರೆ ಸುಮ್ನೆ ಕಾಯುವುದನ್ನೂ ಕಲಿಸಿಬಿಡುತ್ತದೆ. ನನ್ನ ಮನಸ್ಸು ವರ್ತಮಾನದ ಕಡೆಗೇ. ಈ ಪುಸ್ತಕದ ಗ್ರೀಕ್ ಪಠ್ಯದಲ್ಲೂ ವರ್ತಮಾನವೇ ಇದೆ. ಮುಂಡಕ ಉಪನಿಷತ್ತಿನಿಂದ ನಮ್ಮ ದೇಶ ಆರಿಸಿಕೊಂಡ 'ಸತ್ಯಮೇವ ಜಯತೇ'ಯಲ್ಲೂ ಅಷ್ಟೇ.

ಆ ಸಭೆಯಲ್ಲೂ ಯಾರೂ ಕಾಯಲಿಲ್ಲ. ಏನು ಬೇಕಾದರೂ ಕೇಳು ಎಂದ ದೊರೆ. ಜೆರುಬ್ಬಾಬೆಲ್ ತನಗಾಗಿ ಏನನ್ನೂ ಕೇಳಲಿಲ್ಲ. ಪಟ್ಟಕ್ಕೆ ಬಂದ ದಿನ ಜೆರುಸಲೇಮನ್ನು ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದಿರಿ, ಅದನ್ನು ತೀರಿಸಿ ಎಂದ. ಡೇರಿಯಸ್ ಎದ್ದು ಅವನಿಗೆ ಮುತ್ತಿಟ್ಟ. ಜೆರುಸಲೇಮಿನ ದಾರಿಯುದ್ದಕ್ಕೂ ಇದ್ದ ತನ್ನ ಅಧಿಕಾರಿಗಳಿಗೆ, ಇವನನ್ನೂ ಇವನ ಜೊತೆಯವರನ್ನೂ ಕ್ಷೇಮವಾಗಿ ಕಳುಹಿಸಿಕೊಡಿ ಎಂದು ಪತ್ರ ಬರೆದ.