ಭತ್ತದ ಬೆಂಕಿರೋಗ: ಗಿಡದ ಕಣ್ಣು ತಪ್ಪಿಸುವ ಪ್ರೋಟೀನ್

ಕೇಳುಗರೆ, ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಬ್ರಹ್ಮಾವರದ ಹತ್ತಿರ ಒಂದು ಬೈಲುಗದ್ದೆಗೆ ಹೋಗಿದ್ದೆ. ಎಣೆಲು ಬೆಳೆ, ಅಂದರೆ ಮಳೆಗಾಲದ ಭತ್ತ, ಮೊಣಕಾಲೆತ್ತರ ಬಂದಿತ್ತು. ಎಲೆ ಮೇಲೆಲ್ಲ ಕಣ್ಣಿನ ಆಕಾರದ ಕಲೆ. ನಡುವೆ ಬೂದಿ ಬಣ್ಣ, ಅಂಚು ಕಂದು. ಬೆಂಕಿರೋಗ. ಗದ್ದೆಯ ಅಕ್ಕ ಕೇಳಿದರು, "ಈ ರೋಗ ಬರುವುದಿಲ್ಲ ಅಂತಲೇ ಈ ತಳಿ ಹಾಕಿದ್ದು. ನಾಲ್ಕು ವರ್ಷ ಬರಲೂ ಇಲ್ಲ. ಈಗ ಯಾಕೆ ಬಂತು ಮಾರಾಯ್ರೆ?"

ಉತ್ತರ ಈ ರೋಗ ತರುವ ಶಿಲೀಂಧ್ರದ ಪ್ರೋಟೀನುಗಳಲ್ಲಿದೆ.

ಈ ಶಿಲೀಂಧ್ರದ ಬೀಜಕಣ ಒದ್ದೆ ಎಲೆಗೆ ಅಂಟಿ ಮೊಳೆಯುತ್ತದೆ. ತುದಿಯಲ್ಲಿ ಗುಮ್ಮಟದಂಥ ಕೋಶ ಕಟ್ಟುತ್ತದೆ. ಅದರೊಳಗಿನ ಒತ್ತಡ ಕಾರಿನ ಟಯರಿನದಕ್ಕಿಂತ ಸುಮಾರು 40 ಪಟ್ಟು! ಎಲೆ ತೂತಾಗುವುದು ಆ ಒತ್ತಡಕ್ಕೇ.

ಒಳಗೆ ಹೋದರೆ ಸಾಕೇ? ಗಿಡ ಸುಮ್ನೆ ಕೂರುವುದಿಲ್ಲ. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಇದೆ. ನಮ್ಮ ಎಟ್ಟಿ (ಸಿಗಡಿ), ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಭತ್ತದಲ್ಲಿ ಕೈಟಿನ್ ಇಲ್ಲ. ಹಾಗಾಗಿ ಅದರ ಚೂರು ತಾಗಿದರೆ ಹೊರಗಿನವರು ನುಗ್ಗಿದ್ದಾರೆ ಅಂತ ಗಿಡಕ್ಕೆ ಗೊತ್ತಾಗುತ್ತದೆ. ಶಿಲೀಂಧ್ರ ಇದಕ್ಕೊಂದು ಉಪಾಯ ಮಾಡಿಕೊಂಡಿದೆ. ಎಸ್‌ಎಲ್‌ಪಿ1 ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದು ಆ ಚೂರುಗಳನ್ನು ಮೊದಲೇ ಬಾಚಿಕೊಳ್ಳುತ್ತದೆ. ಗಿಡಕ್ಕೆ ಸುದ್ದಿಯೇ ಮುಟ್ಟುವುದಿಲ್ಲ! ವಿಜ್ಞಾನಿಗಳು ಇದರ ಜೀನ್ ತೆಗೆದು ನೋಡಿದಾಗ ರೋಗದ ಜೋರು ಇಳಿಯಿತು. ಇಂಥ ಪ್ರೋಟೀನುಗಳಿಗೆ ಎಫೆಕ್ಟರ್ ಅನ್ನುತ್ತಾರೆ.

ಕೆಲವು ತಳಿಗಳಲ್ಲಿ ಯಾವುದೋ ಒಂದು ಎಫೆಕ್ಟರನ್ನೇ ಗುರುತು ಹಿಡಿಯುವ ಜೀನ್ ಇರುತ್ತದೆ. ಗುರುತು ಸಿಕ್ಕಿದ ಕೂಡಲೇ ಅಲ್ಲಿನ ಕೋಶಗಳು ತಾವೇ ಸತ್ತು ಶಿಲೀಂಧ್ರವನ್ನು ಕಟ್ಟಿಹಾಕುತ್ತವೆ. ಗಿಡದ ಒಂದು ಜೀನಿಗೆ ಶಿಲೀಂಧ್ರದ ಒಂದು ಜೀನ್. ಅಗಸೆಯ ತುಕ್ಕುರೋಗದಲ್ಲಿ ಈ ಜೋಡಿಯನ್ನು ಅಮೆರಿಕದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ತೊಂದರೆ ಇರುವುದೂ ಇಲ್ಲೇ. ಶಿಲೀಂಧ್ರದಲ್ಲಿ ಆ ಒಂದು ಪ್ರೋಟೀನ್ ಸ್ವಲ್ಪ ಬದಲಾದರೆ ಗಿಡಕ್ಕೆ ಗುರುತು ಸಿಗುವುದಿಲ್ಲ. ಬೈಲಿಗೆ ಬೈಲೇ ಒಂದೇ ತಳಿ ಇದ್ದರೆ ಆಮೇಲೆ ತಡೆಯುವವರು ಯಾರು, ಅಲ್ವಾ? ಅಕ್ಕನ ಗದ್ದೆಯಲ್ಲೂ ಹೀಗೇ ಆಗಿರಬೇಕು ಅಂತ ನನ್ನ ಅಂದಾಜು. ಬೀಜದ್ದು ತಪ್ಪಲ್ಲ, ಅವರದ್ದಂತೂ ಅಲ್ಲವೇ ಅಲ್ಲ.

ಈ ಸಲ ಅವರು ಅರ್ಧ ಗದ್ದೆಗೆ ಬೇರೆ ತಳಿ ನೆಟ್ಟಿದ್ದಾರೆ. ಯೂರಿಯಾ ಕಡಿಮೆ ಮಾಡಿದ್ದಾರೆ. ಸಾರಜನಕ ಜಾಸ್ತಿಯಾದರೆ ಈ ರೋಗವೂ ಜಾಸ್ತಿ. ನೀವೂ ಬೆಳಿಗ್ಗೆ ಗದ್ದೆಗೆ ಇಳಿದಾಗ ಎಲೆ ನೋಡಿ. ಕಣ್ಣಿನಂಥ ಕಲೆ ಕಂಡರೆ ಯೂರಿಯಾ ನಿಲ್ಲಿಸಿ, ಆ ಎಲೆ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ನಮಸ್ಕಾರ.