ಮಳೆಗಾಲಕ್ಕೆ ಹೊರದೇಶದಲ್ಲೊಂದು ಪುಟ್ಟ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆಯ ತೋಟ. ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಕೆಳಗೆ ಸ್ವಲ್ಪ ಗದ್ದೆ. ಹಿಂದೆಲ್ಲ ಮದುವೆ ಮನೆಯಲ್ಲಿ ನಾಲ್ಕು ಜನ ತೋಟದವರು ಸೇರಿದರೆ ಮಳೆ, ಬೆಲೆ, ಆನೆ, ಕೆಲಸದವರ ಕೊರತೆ, ಇಷ್ಟೇ ಮಾತು. ಈಗ ಇನ್ನೊಂದು ಮಾತು ಸೇರಿಕೊಂಡಿದೆ. ‘ದುಬೈಯಲ್ಲಿ ಒಂದು ಚಿಕ್ಕ ಫ್ಲಾಟ್ ತಗೊಂಡರೆ ಹೇಗೆ? ಥಾಯ್ಲೆಂಡ್ ಆದೀತಾ?’ 2024ರ ಏಪ್ರಿಲ್‌ನಲ್ಲಿ 50 ಕಿಲೋ ರೊಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಚೀಲದ ಬೆಲೆ 10,000 ರೂಪಾಯಿ ದಾಟಿತಲ್ಲ, ಆಗಿನಿಂದ ಈ ಮಾತು ಜಾಸ್ತಿಯಾಯಿತು. ಕೆಲವರ ಸಾಲ ತೀರಿತು. ಕಣಕ್ಕೆ ಸಿಮೆಂಟು ಬಿತ್ತು. ಮಕ್ಕಳ ಓದು ಮುಗಿಯಿತು. ಉಳಿದ ದುಡ್ಡಿನಲ್ಲಿ ವರ್ಷಕ್ಕೊಂದು ತಿಂಗಳು ಹೊರಗೆ ಹೋಗಿ ಇರೋಣ ಅನ್ನುವ ಆಸೆ. ನನಗೂ ನಮ್ಮ ಮನೆಯವರಿಗೂ ಆ ಆಸೆ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ತೋಟದಲ್ಲಿ ದುಡಿದವರಿಗೆ ಒಂದು ತಿಂಗಳ ಬಿಸಿಲು ಬೇಡವೇ?

ಎರಡು ವರ್ಷದಿಂದ ನಾವಿಬ್ಬರೂ ಊರು ಹುಡುಕುತ್ತಿದ್ದೇವೆ. ಆಗ ತಿಳಿದದ್ದನ್ನು ಇವತ್ತು ನಿಮಗೆ ಹೇಳಬೇಕೆಂದು ಬಂದಿದ್ದೇನೆ.

ಮೊದಲು ನಾವೂ ಬೆಲೆಯ ಪಟ್ಟಿ ಹಿಡಿದು ಕೂತಿದ್ದೆವು. ಇಲ್ಲಿ ಚದರಡಿಗೆ ಎಷ್ಟು, ಅಲ್ಲಿ ಎಷ್ಟು ಅಂತ. ಒಂದು ಸಂಜೆ ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟರು. ‘ಮನೆ ಆಮೇಲೆ ನೋಡೋಣ. ನಾವು ಹೋಗುವುದು ಯಾವಾಗ, ಹೇಳು’ ಅಂದರು. ನಾನು ಲೆಕ್ಕ ಹಾಕಿದೆ. ಪುತ್ತರಿ ಹಬ್ಬ ಕಳೆದರೆ ಕಾಫಿ ಕೊಯ್ಲು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಆಮೇಲೆ ಮೆಣಸು, ಗೊಬ್ಬರ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ. ನಡುವೆ ಮದುವೆಗಳು. ಬಿಡುವು ಸಿಗುವುದು ಜೂನ್ ಕೊನೆಯಿಂದ ಆಗಸ್ಟ್ ತನಕ, ಮಳೆ ಜೋರಾಗಿ ಹಿಡಿದಿರುವಾಗ. ಗದ್ದೆ ನಾಟಿಯನ್ನು ನನ್ನ ಮೈದುನ ನೋಡಿಕೊಳ್ಳುತ್ತಾನೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಾವು ಮನೆಯಲ್ಲಿರಲೇಬೇಕು. ಅಂದರೆ ನಮಗೆ ಬೇಕಾದದ್ದು ಜುಲೈ ತಿಂಗಳ ಊರು.

ಆ ಒಂದು ಪ್ರಶ್ನೆಯಿಂದ ನಮ್ಮ ಪಟ್ಟಿಯಲ್ಲಿ ಅರ್ಧ ಊರುಗಳು ಬಿದ್ದುಹೋದವು.

ದುಬೈಯನ್ನೇ ನೋಡಿ. ನಮಗೆ ಅದಕ್ಕಿಂತ ಹತ್ತಿರದ ಪರದೇಶ ಇಲ್ಲ ಅಂದರೂ ಸರಿ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಆಯಿತು, ಗಲ್ಫ್ ವಿಮಾನ ಹತ್ತಬಹುದು. ಗೊತ್ತುಮಾಡಿದ ಬಡಾವಣೆಗಳಲ್ಲಿ 2002ರಿಂದಲೇ ಹೊರಗಿನವರು ಪೂರ್ತಿ ಹಕ್ಕಿನ ಮನೆ ಕೊಳ್ಳಬಹುದು. ನೋಂದಣಿಗೆ ಬೆಲೆಯ ನೂರಕ್ಕೆ 4ರಷ್ಟು ಕಟ್ಟಬೇಕು. ಎಲ್ಲವೂ ಸರಿಯೇ. ಆದರೆ ಜುಲೈಯಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲು ಹೊರಗೆ ಕಾಲಿಡುವಂತಿಲ್ಲ. ಮಕ್ಕಳು ಅಲ್ಲೇ ಕೆಲಸದಲ್ಲಿದ್ದರೆ ಆ ಮಾತು ಬೇರೆ. ನಮ್ಮಂಥವರಿಗೆ ಇಲ್ಲಿ ಮಳೆಗೆ ಬಾಗಿಲು ಹಾಕಿಕೊಳ್ಳುವುದು, ಅಲ್ಲಿ ಬಿಸಿಲಿಗೆ ಬಾಗಿಲು ಹಾಕಿಕೊಳ್ಳುವುದು ಆದೀತು.

ಶ್ರೀಲಂಕಾ ನನಗೆ ತುಂಬ ಇಷ್ಟದ ದೇಶ. ಅಲ್ಲಿ ಹೊರಗಿನವರಿಗೆ ಜಮೀನು ಕೊಳ್ಳಲು ತಡೆ ಇದೆ, ಆದರೆ ದೊಡ್ಡ ಕಟ್ಟಡದ ಫ್ಲಾಟನ್ನು ವಿದೇಶಿ ನಾಣ್ಯದಲ್ಲಿ ಹಣ ಕೊಟ್ಟು ಕೊಳ್ಳಬಹುದು. ಆದರೆ ಕೊಲಂಬೊ, ಗಾಲ್ ಇರುವ ಆ ಕರಾವಳಿಗೂ ನಮ್ಮದೇ ಮುಂಗಾರು. ಮಳೆಯಿಂದ ಮಳೆಗೆ ಹೋಗಿ ಏನು ಮಾಡುವುದು? ಚಿಯಾಂಗ್ ಮಾಯ್ ಬೆಟ್ಟದ ಊರು, ಸುತ್ತ ಕಾಫಿಯೂ ಇದೆ, ಚಿತ್ರ ನೋಡಿದರೆ ಮನಸ್ಸು ಓಡುತ್ತದೆ. ಜುಲೈ, ಆಗಸ್ಟ್ ಅಲ್ಲೂ ಮಳೆಗಾಲ. ಫೆಬ್ರವರಿಯಿಂದ ಏಪ್ರಿಲ್ ತನಕ ಹೊಲ, ಕಾಡು ಸುಡುವ ಹೊಗೆ ಊರನ್ನು ಮುಚ್ಚುತ್ತದೆ. ಉಬ್ಬಸ ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಯುರೋಪಿನ ಆಸೆ ಇದ್ದವರಿಗೂ ಒಂದು ಮಾತು. ಮನೆ ಕೊಂಡರೆ ಅಲ್ಲೇ ಇರಲು ಪರವಾನಗಿ ಸಿಗುತ್ತದೆ ಅನ್ನುವ ಕಾಲ ಹಲವು ಕಡೆ ಮುಗಿದಿದೆ. ಪೋರ್ಚುಗಲ್ ಆ ದಾರಿಯನ್ನು 2023ರ ಅಕ್ಟೋಬರ್‌ನಲ್ಲಿ ಮುಚ್ಚಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ. ಈಗ ಮನೆ ಇದ್ದರೂ ವೀಸಾ ಬೇರೆ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ಸಿಂಗಪುರದಲ್ಲಿ ಮನೆ ಕೊಳ್ಳುವ ಹೊರದೇಶದವರಿಗೆ 2023ರ ಏಪ್ರಿಲ್‌ನಿಂದ ನೂರಕ್ಕೆ 60ರಷ್ಟು ಹೆಚ್ಚುವರಿ ತೆರಿಗೆ. ಅದನ್ನು ಅಲ್ಲಿಗೇ ಬಿಟ್ಟೆವು.

ಉಳಿದದ್ದು ವಿಯೆಟ್ನಾಂನ ಡಾ ನಾಂಗ್. ಅಲ್ಲಿ ಮಳೆಗಾಲ ಸೆಪ್ಟೆಂಬರ್‌ನಿಂದ ಡಿಸೆಂಬರ್. ನಮಗೆ ಜುಲೈ, ಆಗಸ್ಟಿನ ಕಕ್ಕಡದ ಮಳೆ ಹೊಡೆಯುವಾಗ ಅಲ್ಲಿ ಒಳ್ಳೆಯ ಬಿಸಿಲು.

ಅಷ್ಟರಲ್ಲಿ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಹೊರದೇಶದ ಮನೆಗಳನ್ನು ಮಾರುವವರ ಸಭೆಗೆ ಹೋಗಿದ್ದೆವು. ಒಳ್ಳೆಯ ಊಟ, ದೊಡ್ಡ ಪರದೆ, ಸಮುದ್ರದ ಚಿತ್ರಗಳು. ನೀವು ಇಲ್ಲದ 11 ತಿಂಗಳು ಮನೆಯನ್ನು ದಿನಬಾಡಿಗೆಗೆ ಕೊಡುತ್ತೇವೆ, ಖರ್ಚೆಲ್ಲ ಅದರಲ್ಲೇ ಹುಟ್ಟುತ್ತದೆ ಅಂದರು. ಆಮೇಲೆ ನಾವೇ ಓದಿ ನೋಡಿದೆವು. ಅವರು ತೋರಿಸಿದ್ದ ಥಾಯ್ಲೆಂಡ್ ಮನೆಯನ್ನು ಹೋಟೆಲ್ ಲೈಸೆನ್ಸ್ ಇಲ್ಲದೆ 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ಇದನ್ನು ಅವರು ಒಂದು ಸಲವೂ ಹೇಳಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು. ಬದುಕಿಡೀ ಉಳಿಸಿದ ಹಣ ತಂದವರ ಎದುರು ಹಾಗೆ ಮಾತಾಡಬಾರದು.

ಬೀಗ ಹಾಕಿದ ಮನೆ ಏನಾಗುತ್ತದೆ ಅನ್ನುವುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ತೋಟದ ಪಕ್ಕದಲ್ಲೇ ಬೆಂಗಳೂರಿನ ಒಂದು ಕುಟುಂಬ ರಜೆಗೆಂದು ಮನೆ ಕಟ್ಟಿಸಿದೆ. ಒಳ್ಳೆಯ ಜನ. ಬರುವುದು ವರ್ಷಕ್ಕೆ ಎರಡು ಸಲ, ಅದೂ ನಾಲ್ಕು ದಿನ. ಬೀಗದ ಕೈ ನಮ್ಮ ಹತ್ತಿರ ಇರುತ್ತದೆ. ಮಳೆಗಾಲದಲ್ಲಿ ನಾನು ಹೋಗಿ ಕಿಟಕಿ ತೆರೆಯದಿದ್ದರೆ ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಬರುತ್ತದೆ. ಹಾಸಿಗೆ ಒದ್ದೆ ವಾಸನೆ ಹೊಡೆಯುತ್ತದೆ. ಒಂದು ವರ್ಷ ಇಲಿ ವೈರು ಕಡಿದು ಫ್ರಿಜ್ ಹಾಳಾಗಿತ್ತು. ವಂಶದವರೆಲ್ಲರ ಹಿರಿಮನೆಯಾದ ನಮ್ಮ ಐನ್‌ಮನೆಯ ಕಥೆಯೂ ಹಾಗೇ ಅಲ್ವಾ? ಹಬ್ಬಕ್ಕೆ ಒಕ್ಕದವರೆಲ್ಲ ಸೇರುತ್ತಾರೆ, ದೀಪ ಹಚ್ಚುತ್ತಾರೆ. ಹಂಚು ಬದಲಾಯಿಸಲು ಯಾರು ಎಷ್ಟು ಹಾಕುವುದು ಅನ್ನುವಾಗ ಮಾತು ಎಳೆಯುತ್ತದೆ. ಮನೆ ಅಂದರೆ ದಿನವೂ ಒಬ್ಬರು ಬಾಗಿಲು ತೆಗೆಯಬೇಕು. ಅದಕ್ಕೇ ಈಗ ಯಾವ ಊರನ್ನು ನೋಡಿದರೂ ನಾನು ಮೊದಲು ಕೇಳುವುದು ಇದನ್ನೇ: ಇಲ್ಲಿ ನಮ್ಮ ಬೀಗದ ಕೈ ಯಾರ ಹತ್ತಿರ ಇರುತ್ತದೆ?

ಹಕ್ಕಿನ ವಿಷಯಕ್ಕೆ ಬರೋಣ. ಇದರಲ್ಲಿ ನಮಗೆ ಅನುಭವ ಇದೆ. ವಂಶದಿಂದ ಬಂದ ಜಮ್ಮಾ ಜಾಗ ಯಾವುದು, ಗದ್ದೆಗೆ ಸೇರಿದ ಬಾಣೆ ಯಾವುದು, ಕುಟುಂಬದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ ಪಹಣಿ ಇದ್ದರೂ ಉಳಿದವರ ಪಾಲು ಏನು, ಇವನ್ನೆಲ್ಲ ಕೇಳುತ್ತಲೇ ಬೆಳೆದವರು ನಾವು. ಜಾಗದಲ್ಲಿ ಇರುವುದು ಬೇರೆ, ಜಾಗ ನಮ್ಮದಾಗುವುದು ಬೇರೆ ಅಂತ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಪರದೇಶದಲ್ಲೂ ಅದನ್ನೇ ಕೇಳಬೇಕು. ಬಾಲಿಯಲ್ಲಿ ಹೊರದೇಶದವರ ಹೆಸರಿಗೆ ಪೂರ್ತಿ ಹಕ್ಕು ಆಗುವುದೇ ಇಲ್ಲ. ಅಲ್ಲಿಯವರೊಬ್ಬರ ಹೆಸರಿನಲ್ಲಿ ಕೊಳ್ಳಿ, ಒಳಗೊಳಗೇ ಒಂದು ಪತ್ರ ಮಾಡಿಕೊಳ್ಳೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ವಿಯೆಟ್ನಾಂನಲ್ಲಿ 2015ರ ಜುಲೈಯಿಂದ ಹೊರಗಿನವರು ಫ್ಲಾಟ್ ಕೊಳ್ಳಬಹುದು, ಆದರೆ 50 ವರ್ಷದ ಮಟ್ಟಿಗೆ. ಒಂದು ಕಟ್ಟಡದಲ್ಲಿ ನೂರಕ್ಕೆ 30ರಷ್ಟು ಮನೆಗಳು ಮಾತ್ರ ಹೊರಗಿನವರಿಗೆ. ಗುಲಾಬಿ ಪುಸ್ತಕ ಅಂತ ಅಲ್ಲಿಯವರು ಕರೆಯುವ ಹಕ್ಕುಪತ್ರ ನಮ್ಮ ಹೆಸರಿಗೆ ಬರುವ ತನಕ ಕೆಲಸ ಮುಗಿದಂತಲ್ಲ. ಥಾಯ್ಲೆಂಡ್‌ನಲ್ಲಿ ಜಮೀನು ಕೊಳ್ಳುವಂತಿಲ್ಲ. ಆದರೆ 1979ರ ಕಾನೂನಿನಡಿ ಕಟ್ಟಿದ ಕಟ್ಟಡದಲ್ಲಿ ಫ್ಲಾಟನ್ನು ಪೂರ್ತಿ ಹಕ್ಕಿನಲ್ಲಿ ಕೊಳ್ಳಬಹುದು. ಕಟ್ಟಡದ ಎಲ್ಲ ಫ್ಲಾಟುಗಳ ಒಟ್ಟು ಜಾಗದಲ್ಲಿ ನೂರಕ್ಕೆ 49ರಷ್ಟು ಹೊರಗಿನವರ ಪಾಲು, ಅಷ್ಟು ತುಂಬಿದ್ದರೆ ಆ ಕಟ್ಟಡದಲ್ಲಿ ನಮಗೆ ಜಾಗ ಇಲ್ಲ. ಹಣ ಹೊರಗಿನಿಂದ ಬ್ಯಾಂಕಿನ ಮೂಲಕವೇ ಬಂದಿದೆ ಅನ್ನುವ ಕಾಗದವೂ ಬೇಕು.

ಇನ್ನು ದುಡ್ಡು ಕಳಿಸುವುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಚಿಕ್ಕ ಮನೆಗೆ ಅದು ಸಾಕು. ಇಲ್ಲಿನ ಬ್ಯಾಂಕಿನಲ್ಲಿ ಸಾಲ ಮಾಡಿ ಹೀಗೆ ಕಳಿಸುವಂತಿಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ನೂರಕ್ಕೆ 20ರಷ್ಟು ತೆರಿಗೆಯನ್ನು ಮೊದಲೇ ವಸೂಲಿ ಮಾಡುತ್ತದೆ. ಒಬ್ಬರೇ 60 ಲಕ್ಷ ಕಳಿಸಿದರೆ 10 ಲಕ್ಷ ಹೆಚ್ಚಿಗೆ ಕಟ್ಟಬೇಕು. ಗಂಡ ಹೆಂಡತಿ ತಲಾ 30 ಲಕ್ಷ ಕಳಿಸಿದರೆ 8 ಲಕ್ಷ. ಈ ಹಣ ಕಳೆದುಹೋಗುವುದಿಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ನಮ್ಮ ತೆರಿಗೆಗೆ ವಜಾ ಆಗುತ್ತದೆ, ಮಿಕ್ಕಿದ್ದು ವಾಪಸ್ ಬರುತ್ತದೆ. ಆದರೆ ಅಷ್ಟು ದಿನ ನಮ್ಮ ಕೈಯಲ್ಲಿ ಇರುವುದಿಲ್ಲ.

ತೋಟದವರು ಈ ಮಾತನ್ನು ಗಮನವಿಟ್ಟು ಕೇಳಬೇಕು. ಚೆರಿಯನ್ನು ಒಣಗಿಸಿ ಹಾಗೇ ಮಾರುವ ನಮ್ಮಲ್ಲಿ ಎಷ್ಟೋ ಜನ ರಿಟರ್ನ್ ಸಲ್ಲಿಸುವುದೇ ಇಲ್ಲ. ಕೃಷಿ ಆದಾಯ, ತೆರಿಗೆ ಇಲ್ಲ ಅಂತ ಸುಮ್ನೆ ಇರುತ್ತೇವೆ. ಹೊರದೇಶದಲ್ಲಿ ಮನೆ ಆದ ದಿನದಿಂದ ಅದು ನಡೆಯುವುದಿಲ್ಲ. ಆದಾಯ ಎಷ್ಟೇ ಇರಲಿ, ಪ್ರತಿ ವರ್ಷ ರಿಟರ್ನ್ ಸಲ್ಲಿಸಿ ಆ ಮನೆಯ ವಿವರ ಬರೆಯಲೇಬೇಕು. ಬರೆಯದಿದ್ದರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಮೊದಲೇ ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಕೂತು ಮಾತಾಡಿ.

ಕಳೆದ ಜುಲೈಯಲ್ಲಿ ನಾವು ಡಾ ನಾಂಗ್‌ಗೆ ಹೋದೆವು. ಕೊಳ್ಳಲು ಅಲ್ಲ, ಒಂದು ತಿಂಗಳು ಬಾಡಿಗೆ ಮನೆಯಲ್ಲಿ ಇರಲು. ಹೋಟೆಲಿನಲ್ಲಿ ನಾಲ್ಕು ದಿನ ಇದ್ದರೆ ಊರು ಗೊತ್ತಾಗುವುದಿಲ್ಲ. ಸೊಪ್ಪು ಎಲ್ಲಿ ಸಿಗುತ್ತದೆ, ರಾತ್ರಿ ಹಲ್ಲು ನೋವು ಬಂದರೆ ಯಾರ ಹತ್ತಿರ ಹೋಗುವುದು, ಲಿಫ್ಟ್ ಕೆಟ್ಟರೆ ಎಷ್ಟು ಮೆಟ್ಟಿಲು, ಇದು ಗೊತ್ತಾಗಬೇಕು. ನನಗೆ ಮೊಣಕಾಲು ನೋವು. ಮೀ ಖೆ ಕಡಲ ದಡದಲ್ಲಿ ಬೆಳಿಗ್ಗೆ ಐದಕ್ಕೇ ಊರಿನ ಜನವೆಲ್ಲ ಇರುತ್ತಿದ್ದರು. ಮುದುಕರು, ಮಕ್ಕಳು, ಎಲ್ಲ ನೀರಿನಲ್ಲಿ. ನಾನೂ ಮರಳಿನ ಮೇಲೆ ಮೆಲ್ಲಗೆ ನಡೆಯುತ್ತಿದ್ದೆ. ಹಾನ್ ನದಿಯ ಮೇಲೆ ಡ್ರ್ಯಾಗನ್ ಆಕಾರದ ಸೇತುವೆ ಇದೆ. ವಾರದ ಕೊನೆಯ ರಾತ್ರಿಗಳಲ್ಲಿ ಅದರ ಬಾಯಿಂದ ಬೆಂಕಿ ಬರುತ್ತದೆ. ಮಕ್ಕಳು ಕೂಗುವುದನ್ನು ನೋಡಲೆಂದೇ ನಾವು ಎರಡು ಸಲ ಹೋದೆವು.

ಊಟದ ವಿಷಯದಲ್ಲಿ ನಮಗೆ ಪರದೇಶ ಅನ್ನಿಸಲೇ ಇಲ್ಲ. ಅಕ್ಕಿಯ ಶಾವಿಗೆ, ಹಂದಿ ಮಾಂಸ, ಸೊಪ್ಪು. ನೂಪುಟ್ಟು, ಪಂದಿಕರಿ ತಿಂದು ಬೆಳೆದವರಿಗೆ ಇನ್ನೇನು ಬೇಕು? ಕಾಫಿಯಂತೂ ರೊಬಸ್ಟಾನೇ, ಗಟ್ಟಿ ಹಾಲು ಹಾಕಿ ಕೊಡುತ್ತಾರೆ. ಒಂದು ಬೆಳಿಗ್ಗೆ ಕಾಫಿ ಅಂಗಡಿಯ ಹೆಂಗಸಿಗೆ ನಮ್ಮ ತೋಟದ ಚಿತ್ರ ತೋರಿಸಿದೆ. ಅವಳ ತವರು ಬುವಾನ್ ಮಾ ಥುವಟ್ ಕಡೆ, ಅಲ್ಲೂ ಕಾಫಿ ತೋಟ. ಅವಳು ಫೋನಿನಲ್ಲಿ ತನ್ನ ಅಪ್ಪನ ಕಣ ತೋರಿಸಿದಳು. ಕಾಫಿ ಹರಡಿದ ರೀತಿ, ಪಕ್ಕದಲ್ಲಿ ಮಲಗಿದ ನಾಯಿ, ಎಲ್ಲ ನಮ್ಮ ಮನೆಯಂತೆಯೇ ಇತ್ತು. ಅವರ ಕಡೆ ಬರ ಬಿದ್ದದ್ದೂ ನಮ್ಮ ಬೆಲೆ ಏರಲು ಒಂದು ಕಾರಣ. ನನಗೆ ಗಂಟಲು ಕಟ್ಟಿತು. ಅವತ್ತು ಎರಡು ಕಾಫಿಗೆ ಅವಳು ದುಡ್ಡೇ ತೆಗೆದುಕೊಳ್ಳಲಿಲ್ಲ.

ಅಷ್ಟು ಇಷ್ಟವಾದರೂ ಅಲ್ಲಿ ಮನೆ ಕೊಳ್ಳಲಿಲ್ಲ. ಕಾರಣ ಅಕ್ಟೋಬರ್, ನವೆಂಬರ್. ಆಗ ಅಲ್ಲಿ ಬಿರುಗಾಳಿ, ನೆರೆ. ಆಗಲೇ ಇಲ್ಲಿ ಹಣ್ಣು ಬಲಿಯುತ್ತಿರುತ್ತದೆ, ಕೆಲಸದವರನ್ನು ಹೊಂದಿಸಬೇಕು. ಕಿಟಕಿ ಒಡೆದಿದೆ ಅಂತ ಫೋನ್ ಬಂದರೆ ಯಾರು ಹೋಗುವುದು? 50 ವರ್ಷದ ಲೆಕ್ಕವೂ ನಮ್ಮ ಮನೆಯವರಿಗೆ ಹಿಡಿಸಲಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಏನು ಉಳಿಯುತ್ತದೆ ಅಂತ ಅವರ ಪ್ರಶ್ನೆ. ನನಗೇನೋ 50 ವರ್ಷ ಸಾಕಿತ್ತು. ಆದರೆ ಇಬ್ಬರ ಮನಸ್ಸೂ ಒಪ್ಪದ ಮನೆ ಬೇಡ ಅಂದುಕೊಂಡೆವು. ಆ ಊರಿಗೆ ಮತ್ತೆ ಹೋಗುತ್ತೇವೆ, ಬಾಡಿಗೆಗೆ.

ಈಗ ನಮ್ಮ ಕಣ್ಣು ಹುವಾ ಹಿನ್ ಮೇಲಿದೆ. ಬ್ಯಾಂಕಾಕಿನಿಂದ ಸುಮಾರು 200 ಕಿಲೋಮೀಟರ್ ತೆಂಕಣಕ್ಕಿರುವ ಚಿಕ್ಕ ಕಡಲೂರು. ಜುಲೈಯಲ್ಲಿ ಬಿದ್ದರೂ ಸಣ್ಣ ಮಳೆ, ಜೋರು ಮಳೆ ಅಕ್ಟೋಬರ್‌ಗೆ. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ, ಸುಮಾರು ನಾಲ್ಕು ಗಂಟೆ. ವಿಮಾನ ನಿಲ್ದಾಣದಿಂದಲೇ ಬಸ್ಸು ಸಿಗುತ್ತದೆ. ಹಕ್ಕು ಪೂರ್ತಿ ನಮ್ಮದೇ ಆಗುತ್ತದೆ. ಒಂದು ಹಳೆಯ ಕಟ್ಟಡ ನೋಡಿಟ್ಟಿದ್ದೇವೆ. ಹೊಸದಕ್ಕಿಂತ ನನಗೆ ಹಳೆಯದೇ ಸರಿ. ಹತ್ತು ವರ್ಷ ಯಾರು ನೋಡಿಕೊಂಡರು, ಸೋರಿದೆಯೋ ಇಲ್ಲವೋ, ಗೋಡೆಯೇ ಹೇಳುತ್ತದೆ. ಕಟ್ಟಡದ ಕಚೇರಿಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ವಾರಕ್ಕೊಮ್ಮೆ ಕಿಟಕಿ ತೆರೆಯುತ್ತೀರಾ ಅಂತ ಬರೆದು ಕೇಳಿದೆ. ತೆರೆಯುತ್ತೇವೆ, ತಿಂಗಳಿಗೆ ಇಷ್ಟು ಅಂತ ಉತ್ತರ ಬಂತು. ಎರಡು ವರ್ಷದಲ್ಲಿ ಆ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟವರು ಅವರೊಬ್ಬರೇ.

ದುಡ್ಡು ಇನ್ನೂ ಕಳಿಸಿಲ್ಲ. ಹೊರಗಿನವರ ಪಾಲಿನಲ್ಲಿ ಜಾಗ ಇದೆ ಅನ್ನುವ ಪತ್ರ ಬರಬೇಕು. ಹಳೆಯ ಬಾಕಿ ಏನೂ ಇಲ್ಲ ಅನ್ನುವ ಪತ್ರವೂ ಬರಬೇಕು. ಅದಕ್ಕೂ ಮೊದಲು ಈ ಜುಲೈಯಲ್ಲಿ ಅದೇ ಕಟ್ಟಡದಲ್ಲಿ ಒಂದು ತಿಂಗಳು ಬಾಡಿಗೆಗೆ ಇರುತ್ತೇವೆ. ಟಿಕೆಟ್ ಆಗಿದೆ. ಹೊರಡುವ ಮುಂಚೆ ನಾಟಿಯ ಲೆಕ್ಕ, ನಾಯಿಗಳ ಊಟ ಎಲ್ಲವನ್ನೂ ಮೈದುನನಿಗೆ ಒಪ್ಪಿಸಬೇಕು. ಪಕ್ಕದ ಮನೆಯ ಬೀಗದ ಕೈಯನ್ನೂ ಕೊಟ್ಟು ಹೋಗಬೇಕು. ಕಕ್ಕಡದಲ್ಲಿ ಆ ಮನೆಯ ಕಿಟಕಿಗಳನ್ನು ವಾರಕ್ಕೊಮ್ಮೆಯಾದರೂ ತೆರೆಯಬೇಕಲ್ಲ.

ನಮಸ್ಕಾರ.